ಯಾರ ಪೈಕಿ?

ಮಲೆನಾಡಿನ ಮನೆಗೆ ಹೊಸಬರು ಯಾರೇ ಬರಲಿ, ಕಾಲಿಗೆ ನೀರು ಕೊಟ್ಟು, ಲೋಟ ಕಾಫಿ ಕೈಗಿಟ್ಟ ಮೇಲೆ ಹಿರಿಯರು ಕೇಳುವ ಮೊದಲ ಮಾತು, "ನೀವು ಯಾರ ಪೈಕಿ?" ಹೆಸರು ಆಮೇಲೆ, ಬಂದ ಕೆಲಸ ಇನ್ನೂ ಆಮೇಲೆ. ಯಾವ ಊರು, ಯಾವ ಮನೆ, ತಾಯಿ ಯಾವ ಕಡೆಯವರು, ಅಕ್ಕನನ್ನು ಎಲ್ಲಿಗೆ ಕೊಟ್ಟಿದ್ದು ಎಂದು ಒಂದೊಂದೇ ಎಳೆ ಬಿಡಿಸುತ್ತಾ ಹೋಗಿ ಎಲ್ಲೋ ಒಂದು ನೆಂಟಸ್ತಿಕೆ ಸಿಕ್ಕಿದ ಕೂಡಲೇ ಮಾತು ಸಲೀಸಾಗುತ್ತದೆ. ಸಿಗದಿದ್ದರೆ ಮಾತು ಹವಾಮಾನಕ್ಕೆ ಹೊರಳುತ್ತದೆ.

1978ರ ಅಕ್ಟೋಬರ್ ಹೊತ್ತಿಗೆ ನಾನು ಮೂರನೇ ಕ್ಲಾಸು. ಇಂದಿರಾ ಗಾಂಧಿ ಚಿಕ್ಕಮಗಳೂರಿನಿಂದ ಲೋಕಸಭೆಗೆ ನಿಲ್ಲುತ್ತಾರೆಂಬ ಸುದ್ದಿ ತೋಟದ ಲೈನ್ ಮನೆಗಳವರೆಗೂ ತಲುಪಿದ ದಿನ ನಮ್ಮಜ್ಜಿ ಕೇಳಿದ್ದೂ ಅದೇ ಪ್ರಶ್ನೆ. "ಆಯಮ್ಮ ಗಾಂಧಿ ಪೈಕಿಯಾ?" ಅಂಗಳದಲ್ಲಿ ಕಾಳುಮೆಣಸು ಹರಡುತ್ತಿದ್ದ ಹೆಂಗಸೊಬ್ಬಳು ತಲೆ ಎತ್ತದೆ ಹೇಳಿದಳು: "ಅಲ್ಲ ಅಮ್ಮ, ನೆಹರೂ ಪೈಕಿ. ಗಾಂಧಿ ಅನ್ನೋದು ಗಂಡನ ಮನೆ ಹೆಸರು." ಆ ಕಾಲಕ್ಕೆ ಊರಿನ ಅರ್ಧ ಜನಕ್ಕೆ ಗೊತ್ತಿಲ್ಲದ ಸಂಗತಿ ಅವಳಿಗೆ ಗೊತ್ತಿತ್ತು. ದೇಶದ ನಾಯಕರ ಕುಲಮೂಲದ ಚರ್ಚೆ ಎಲ್ಲಿ ಎದ್ದರೂ ನನಗೆ ಮೆಣಸು ಹರಡುತ್ತಿದ್ದ ಆ ಕೈ ನೆನಪಾಗುತ್ತದೆ. ಈಗ ಆ ಚರ್ಚೆ ದಿನಕ್ಕೆ ಹತ್ತು ಸಲ ಮೊಬೈಲಿನಲ್ಲೇ ಏಳುತ್ತದೆ. ಒಬ್ಬರ ಅಜ್ಜ ಯಾರು, ಇನ್ನೊಬ್ಬರ ನಿಜವಾದ ಮತ ಯಾವುದು, ಮತ್ತೊಬ್ಬರ ವಂಶ ಎಷ್ಟು ತಲೆಮಾರಿನದು. ಹೊಗಳುವವರಿಗೂ ತೆಗಳುವವರಿಗೂ ಬೇಕಾಗಿರುವುದು ವಂಶವೇ. ಈ ಪ್ರಶ್ನೆಯ ಬುಡ ಎಲ್ಲಿದೆ ಎಂದು ನೋಡಲು ನಮ್ಮ ಬೆಟ್ಟಗಳಿಗಿಂತ ತಕ್ಕ ಜಾಗ ನನಗೆ ಕಾಣುವುದಿಲ್ಲ. ಸಾವಿರ ವರ್ಷದಿಂದ ಇಲ್ಲಿ ಅಧಿಕಾರ ಬಂದವರೆಲ್ಲ ತಮ್ಮ ಮೂಲವನ್ನು ಹೇಳಿಕೊಂಡಿದ್ದಾರೆ. ಹೇಳಿಕೊಂಡ ರೀತಿ ಮಾತ್ರ ಕಾಲಕಾಲಕ್ಕೆ ಬದಲಾಗಿದೆ.

ಮೂಡಿಗೆರೆ ತಾಲೂಕಿನ ಅಂಗಡಿ ಎಂಬ ಊರಿಗೆ ಹೋದವರು ಕಡಿಮೆ. ಬೇಲೂರು, ಹಳೇಬೀಡಿಗೆ ಬಸ್ಸು ತುಂಬಿ ಬರುವ ಪ್ರವಾಸಿಗಳಲ್ಲಿ ನೂರಕ್ಕೊಬ್ಬರೂ ಇತ್ತ ತಿರುಗುವುದಿಲ್ಲ. ಹೊಯ್ಸಳರ ಮೂಲ ಊರು ಇದೇ. ಶಾಸನಗಳ ಸೊಸೆವೂರು, ಶಶಕಪುರ. ಕಾಫಿ ತೋಟಗಳ ನಡುವೆ ಹಳೆಯ ಬಸದಿಗಳಿವೆ, ಶಿಥಿಲವಾದ ಗುಡಿಗಳಿವೆ, ವಾಸಂತಿಕಾ ದೇವಿಗೆ ಇಂದಿಗೂ ಪೂಜೆ ನಡೆಯುತ್ತದೆ. ಊರಿನವರ ಬಾಯಲ್ಲಿ ಆಕೆ ವಸಂತಮ್ಮ. ಮೇಲೆ ಬಿದ್ದ ಹುಲಿಯನ್ನು ಗುರುವಿನ ಅಪ್ಪಣೆಯಂತೆ ಸಳ ಹೊಡೆದ, "ಪೊಯ್ ಸಳ" ಎಂದದ್ದೇ ವಂಶದ ಹೆಸರಾಯಿತು ಎಂಬ ಕಥೆಯನ್ನು ಶಾಲೆಯ ಪುಸ್ತಕದಲ್ಲಿ ನಾವೆಲ್ಲ ಓದಿದ್ದೇವೆ.

ಆ ಕಥೆಗಿಂತ ನನ್ನನ್ನು ಹೆಚ್ಚು ಹಿಡಿದಿರುವುದು ಶಾಸನಗಳ ಕಾಲಾನುಕ್ರಮ. ಹತ್ತನೆಯ, ಹನ್ನೊಂದನೆಯ ಶತಮಾನದ ಮೊದಲ ಹೊಯ್ಸಳರು ಬೆಟ್ಟದ ಪಾಳೆಯಗಾರರು. ಅವರ ಬಿರುದು ಮಲೆಪರೊಳ್ಗಂಡ. ಮಲೆಯ ಒಡೆಯರಲ್ಲೆಲ್ಲ ಗಂಡು ಎಂದು ಅದರ ಅರ್ಥ. ಅಂದರೆ ತಾನೂ ಮಲೆಯವನೇ ಎಂದು ಆ ಬಿರುದು ಒಪ್ಪಿಕೊಳ್ಳುತ್ತದೆ. ನೃಪಕಾಮ, ವಿನಯಾದಿತ್ಯರ ಕಾಲ ಕಳೆದು, ರಾಜ್ಯ ಬಯಲಿಗೆ ಇಳಿದು, ವಿಷ್ಣುವರ್ಧನ ತಲಕಾಡನ್ನು ಗೆದ್ದು, 1117ರಲ್ಲಿ ಬೇಲೂರಿನ ಗುಡಿ ಎದ್ದು ನಿಲ್ಲುವ ಹೊತ್ತಿಗೆ ಶಾಸನಗಳಲ್ಲಿ ವಂಶಾವಳಿ ಉದ್ದವಾಗುತ್ತದೆ. ಬ್ರಹ್ಮನಿಂದ ಅತ್ರಿ, ಅತ್ರಿಯಿಂದ ಚಂದ್ರ, ಪುರೂರವ, ಯಯಾತಿ, ಯದು; ಆ ಯದುವಂಶದಲ್ಲಿ ಸಳ. ಅರಸ ದ್ವಾರಾವತೀ ಪುರವರಾಧೀಶ್ವರನಾಗುತ್ತಾನೆ. ಮೂಡಿಗೆರೆಯ ಕಾಡಿನಲ್ಲಿ ಹುಟ್ಟಿದ ಮನೆತನಕ್ಕೆ ಕೃಷ್ಣನ ದ್ವಾರಕೆಯ ಮೂಲ ಬರುವುದು ಸಿಂಹಾಸನ ಗಟ್ಟಿಯಾದ ಮೇಲೆ.

ಇದನ್ನು ಸುಳ್ಳು ಎಂದು ತಳ್ಳಿಹಾಕುವುದು ಸುಲಭ. ನನಗೆ ಹಾಗೆ ಅನ್ನಿಸುವುದಿಲ್ಲ. ಬಯಲಿನ ರಾಜರ ಸಾಲಿನಲ್ಲಿ ಕೂರಲು ಬೆಟ್ಟದವನಿಗೆ ಒಂದು ರಹದಾರಿ ಬೇಕಿತ್ತು, ಯದುವಂಶ ಆ ರಹದಾರಿ. ಅದೇ ಕಾಲದಲ್ಲಿ ದೇವಗಿರಿಯ ಸೇವುಣರೂ ತಾವು ಯಾದವರೆಂದೇ ಹೇಳಿಕೊಂಡರು. ಒಬ್ಬನೇ ಮೂಲಪುರುಷನ ಹೆಸರು ಹೇಳುತ್ತಿದ್ದ ಈ ಎರಡು ಮನೆತನಗಳು ತಲೆಮಾರುಗಟ್ಟಲೆ ಕಾದಾಡಿದವು. ಮುಂದೆ ಮೈಸೂರಿನ ಒಡೆಯರ ಕಥೆಯಲ್ಲೂ ಯದುರಾಯ ದ್ವಾರಕೆಯಿಂದಲೇ ಬರುತ್ತಾನೆ. ಕನ್ನಡ ನಾಡಿನ ಅರಸರ ಪಾಲಿಗೆ ದ್ವಾರಕೆ ತುಂಬ ಉಪಯೋಗಕ್ಕೆ ಬಂದ ಊರು.

ಕಳಸದ ಕಥೆ ಇನ್ನೂ ಸ್ವಾರಸ್ಯದ್ದು. ಹುಂಚದ ಸಾಂತರರು ತಮ್ಮ ಮೂಲಪುರುಷ ಜಿನದತ್ತರಾಯ ಉತ್ತರ ಮಧುರೆಯಿಂದ ಪದ್ಮಾವತಿಯ ವಿಗ್ರಹವನ್ನು ಹೊತ್ತು ಬಂದನೆಂದು ನಂಬಿದವರು. ಆ ವಂಶದ ಒಂದು ಕವಲು ಕಳಸಕ್ಕೆ ಬಂತು, ಅಲ್ಲಿಂದ ಘಟ್ಟ ಇಳಿದು ಕಾರ್ಕಳಕ್ಕೆ ಹೋಯಿತು. 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯ ಭೈರರಸರೆಂದು ಹೆಸರಾದ ಇದೇ ಮನೆಯವನು. ಘಟ್ಟದ ಮೇಲೂ ಕೆಳಗೂ ಕಾಲಿಟ್ಟಿದ್ದ ಈ ಮನೆತನದಲ್ಲಿ ಅಳಿಯಕಟ್ಟು ನೆಲೆಯಾಯಿತು. ಪಟ್ಟ ಮಗನನ್ನು ಬಿಟ್ಟು ಅಕ್ಕತಂಗಿಯರ ಮಗನಿಗೆ ಸಲ್ಲುವ ಪದ್ಧತಿ ಅದು. 13ನೆಯ ಶತಮಾನದಲ್ಲಿ ಜಾಕಲ ಮಹಾದೇವಿ, ಕಾಳಲ ಮಹಾದೇವಿಯರು ಕಳಸದಲ್ಲಿ ಸ್ವತಃ ಆಳಿದ್ದಕ್ಕೆ ಶಾಸನಗಳಿವೆ.

ಅಳಿಯಕಟ್ಟನ್ನು ಇಲ್ಲಿ ತಂದದ್ದಕ್ಕೆ ಕಾರಣವಿದೆ. ವಂಶ ಎಂದರೆ ರಕ್ತ, ರಕ್ತ ಎಂದರೆ ತಂದೆ ಎಂದು ನಾವು ಯೋಚನೆಯೇ ಮಾಡದೆ ನಂಬಿಬಿಡುತ್ತೇವೆ. ಕಳಸದಿಂದ ಕುದುರೆಮುಖದ ಹಾದಿಯಾಗಿ ಒಂದು ಘಟ್ಟ ಇಳಿದರೆ ಸಾಕು, ತಂದೆ ಯಾರೆಂಬುದು ಎರಡನೆಯ ಪ್ರಶ್ನೆಯಾಗುವ ಊರುಗಳು ಸಿಗುತ್ತವೆ. ಅಲ್ಲಿಯ ಹಳೆಯ ಲೆಕ್ಕದಲ್ಲಿ ಮಕ್ಕಳು ತಾಯಿಯ ಬಳಿಗೆ, ಅಂದರೆ ಕುಲಕ್ಕೆ, ಸೇರಿದವರು. ಆ ಲೆಕ್ಕ ಹಿಡಿದರೆ ಇಂದಿರಾ ಗಾಂಧಿಯ ಮಕ್ಕಳು ಇಂದಿರೆಯ ಬಳಿಯವರು, ಇಂದಿರೆ ತನ್ನ ತಾಯಿ ಕಮಲಾ ಕೌಲ್ ಅವರ ಬಳಿಯವಳು. ಅಲ್ಲಿ ನೆಹರೂ ಎಂಬ ಹೆಸರಿಗೇ ಜಾಗವಿಲ್ಲ. ಯಾವ ಕಟ್ಟಿನಿಂದ ಎಣಿಸುತ್ತೀರಿ ಎಂಬುದರ ಮೇಲೆ ಒಬ್ಬ ನಾಯಕನ ಮೂಲವೇ ಬೇರೆಯಾಗುತ್ತದೆ.

ಇನ್ನು ಆ ನೆಹರೂ ಮನೆತನದ ವಿಷಯ. ಇದರ ಬಗ್ಗೆ ಹಬ್ಬಿಸಿರುವಷ್ಟು ಕಟ್ಟುಕಥೆ ಈ ದೇಶದಲ್ಲಿ ಬೇರೆ ಯಾವ ಮನೆತನದ ಬಗ್ಗೆಯೂ ಹಬ್ಬಿಲ್ಲ, ಆದ್ದರಿಂದ ಸ್ವಲ್ಪ ನಿಂತು ನೋಡಬೇಕು. ಜವಾಹರಲಾಲರು 1936ರಲ್ಲಿ ಹೊರಬಂದ ಆತ್ಮಕಥೆಯ ಮೊದಲಿಗೇ ಮನೆಯ ಕಥೆ ಹೇಳುತ್ತಾರೆ. ಪೂರ್ವಜ ರಾಜ್ ಕೌಲ್, ಕಾಶ್ಮೀರದ ಪಂಡಿತ, ಸಂಸ್ಕೃತ ಮತ್ತು ಪಾರಸಿ ಬಲ್ಲವರು. ಮೊಗಲ್ ಬಾದಶಹ ಫರೂಕ್‌ಸಿಯಾರ್ ಕಣ್ಣಿಗೆ ಬಿದ್ದು 1716ರ ಸುಮಾರಿಗೆ ದೆಹಲಿಗೆ ಬಂದರು. ಜಹಗೀರಿನ ಜೊತೆ ಸಿಕ್ಕ ಮನೆ ಕಾಲುವೆಯ ದಂಡೆಯಲ್ಲಿತ್ತು. ಕಾಲುವೆಗೆ ಅಲ್ಲಿ ನಹರ್ ಎನ್ನುತ್ತಾರೆ. ಹಾಗಾಗಿ ಕೌಲ್-ನೆಹರೂ, ಕಾಲಕ್ರಮದಲ್ಲಿ ಕೌಲ್ ಉದುರಿ ಬರೀ ನೆಹರೂ. ನಮ್ಮ ಕಡೆ ಹೊಳೆಯ ಪಕ್ಕದ ಮನೆಯವರನ್ನು ಹೊಳೆಮನೆಯವರು ಎನ್ನುವ ಹಾಗೆ. ದೇಶವನ್ನು ದಶಕಗಳ ಕಾಲ ಆಳಿದ ಮನೆತನದ ಹೆಸರು ಒಂದು ನೀರಿನ ಕಾಲುವೆಯಿಂದ ಬಂದದ್ದು ಎಂದು ಮೊದಲ ಬಾರಿ ಓದಿದಾಗ ನನಗೆ ಆದ ಖುಷಿ ಇಂದಿಗೂ ಕಡಿಮೆಯಾಗಿಲ್ಲ.

ಅಜ್ಜ ಗಂಗಾಧರ ನೆಹರೂ 1857ರ ದಂಗೆಗೆ ಮುಂಚೆ ದೆಹಲಿಯ ಕೊತ್ವಾಲರಾಗಿದ್ದರು. ದಂಗೆಯಲ್ಲಿ ಮನೆಮಠ ಕಳೆದುಕೊಂಡ ಕುಟುಂಬ ಆಗ್ರಾಕ್ಕೆ ಓಡಿತು. 1861ರಲ್ಲಿ ಗಂಗಾಧರ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು, ಅದೇ ವರ್ಷದ ಮೇ 6ರಂದು, ತಂದೆ ಸತ್ತು ಮೂರು ತಿಂಗಳಾದ ಮೇಲೆ, ಮೋತಿಲಾಲ್ ಹುಟ್ಟಿದರು. ಮನೆಯಲ್ಲಿದ್ದ ಅಜ್ಜನ ಒಂದು ಪುಟ್ಟ ಚಿತ್ರದ ಬಗ್ಗೆ ಜವಾಹರಲಾಲರು ಬರೆದಿದ್ದಾರೆ. ಮೊಗಲ್ ದರ್ಬಾರಿನ ಉಡುಪು, ಕೈಯಲ್ಲಿ ಬಾಗಿದ ಕತ್ತಿ, ನೋಡಿದವರು ಮೊಗಲ್ ಸರದಾರ ಎಂದುಕೊಳ್ಳಬಹುದಾದ ಠೀವಿ, ಮುಖಲಕ್ಷಣ ಮಾತ್ರ ಅಪ್ಪಟ ಕಾಶ್ಮೀರಿಯದು. ಸ್ವಂತ ಅಜ್ಜನ ಬಗ್ಗೆ ಇಷ್ಟು ಬಿಚ್ಚುಮನಸ್ಸಿನಿಂದ ಬರೆದ ಮನುಷ್ಯನ ಮನೆತನಕ್ಕೆ, ಗಂಗಾಧರ ಎಂಬುವನೇ ಇರಲಿಲ್ಲ, ಅವನು ಹೆಸರು ಬದಲಿಸಿಕೊಂಡ ಬೇರೊಬ್ಬ ಎಂಬ ಕಥೆ ಅಂಟಿಸಿದರು. ಅದಕ್ಕೆ ಆಧಾರವಿಲ್ಲ. ಫಿರೋಜ್ ಗಾಂಧಿಯವರ ಮೇಲೂ ಅಂಥದೇ ಕಥೆ. ಅವರು 1912ರಲ್ಲಿ ಮುಂಬೈಯಲ್ಲಿ ಹುಟ್ಟಿದ ಪಾರ್ಸಿ. ತಂದೆ ಜಹಾಂಗೀರ್ ಫರೆದೂನ್ ಘಾಂಡಿ ಹಡಗಿನ ಎಂಜಿನಿಯರ್. ಗುಜರಾತಿನ ಭರೂಚ್ ಕಡೆಯ ಕುಟುಂಬ. ಘಾಂಡಿ ಎಂಬ ಮನೆಹೆಸರು ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಗಾಂಧಿಯಾಯಿತು. ಮಹಾತ್ಮರಿಗೂ ಅವರಿಗೂ ನೆಂಟಸ್ತಿಕೆ ಇಲ್ಲ. 1942ರ ಮಾರ್ಚ್‌ನಲ್ಲಿ ಅಲಹಾಬಾದಿನ ಆನಂದ ಭವನದಲ್ಲಿ ಮದುವೆ.

ಇಂಥ ಕಟ್ಟುಕಥೆಗಳು ಸುಳ್ಳು ಎಂದು ತೋರಿಸುವುದು ನನ್ನ ಮಟ್ಟಿಗೆ ಅರ್ಧ ಕೆಲಸ. ಒಂದು ಪಕ್ಷ ಅವು ನಿಜವೇ ಆಗಿದ್ದರೆ ಏನಾಗುತ್ತಿತ್ತು? ಒಬ್ಬರ ಅಜ್ಜ ಮುಸಲ್ಮಾನನಾಗಿದ್ದರೆ ಅವರು ಈ ದೇಶವನ್ನು ಆಳಲು ಅನರ್ಹರೇ? ಕಾಫಿಯನ್ನು ಈ ಬೆಟ್ಟಕ್ಕೆ ತಂದದ್ದು ಯಮನಿನಿಂದ ಬೀಜ ತಂದ ಬಾಬಾ ಬುಡನ್ ಎಂದು ನಂಬಿ, ಆತನ ಹೆಸರಿನ ಗಿರಿಯ ನೆರಳಲ್ಲೇ ಬದುಕುತ್ತಿರುವ ನಮ್ಮ ಜಿಲ್ಲೆಯವರ ಬಾಯಲ್ಲಿ ಆ ಮಾತು ಬಂದಾಗ ನನಗೆ ನೋವಾಗುತ್ತದೆ. ನಾಚಿಕೆಯೂ ಆಗುತ್ತದೆ.

1978ರ ಚುನಾವಣೆಯಲ್ಲಿ ವಂಶದ ಮಾತು ದೊಡ್ಡದಾಗಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. 1977ರಲ್ಲಿ ರಾಯ್‌ಬರೇಲಿಯಲ್ಲಿ ಸೋತ ಇಂದಿರಾ ಗಾಂಧಿಗಾಗಿ ಚಿಕ್ಕಮಗಳೂರಿನ ಸಂಸದ ಡಿ.ಬಿ. ಚಂದ್ರೇಗೌಡರು ಸ್ಥಾನ ಬಿಟ್ಟುಕೊಟ್ಟರು. ಮುಖ್ಯಮಂತ್ರಿ ದೇವರಾಜ ಅರಸು ಬೆನ್ನಿಗೆ ನಿಂತರು. ಎದುರಾಳಿ ಜನತಾ ಪಕ್ಷದ ವೀರೇಂದ್ರ ಪಾಟೀಲ, ಅವರ ಪರವಾಗಿ ಪ್ರಚಾರದ ಹೊಣೆ ಹೊತ್ತವರು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಪ್ರಚಾರ ಕಟುವಾಗಿತ್ತು, ಮಾತು ಬಹುಪಾಲು ತುರ್ತುಪರಿಸ್ಥಿತಿಯ ಸುತ್ತ ತಿರುಗಿತು. ಆಕೆ ಮಾಡಿದ್ದರ ಲೆಕ್ಕ ಕೇಳಿದರು. ನವೆಂಬರ್‌ನಲ್ಲಿ ಇಂದಿರಾ 77 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು, ಡಿಸೆಂಬರ್ 19ರಂದು ಲೋಕಸಭೆ ಆಕೆಯನ್ನು ಹೊರಹಾಕಿ ತಿಹಾರ್ ಜೈಲಿಗೆ ಕಳಿಸಿತು. ನಮ್ಮ ಜಿಲ್ಲೆಯ ಸಂಸದೆಯಾಗಿ ಆಕೆ ಇದ್ದದ್ದು ತಿಂಗಳು ಚಿಲ್ಲರೆ. ಕಾಶ್ಮೀರದ ಮೂಲ, ಪಾರ್ಸಿ ಗಂಡ, ಅಲಹಾಬಾದಿನ ಮನೆ, ಯಾವುದೂ ಮೂಡಿಗೆರೆಯ ಮತದಾರನಿಗೆ ಅಡ್ಡ ಬರಲಿಲ್ಲ. ಇಪ್ಪತ್ತು ವರ್ಷ ಕಳೆದು 1999ರಲ್ಲಿ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಎದುರುಬದುರಾದಾಗ ಮಾತಿನ ಧಾಟಿಯೇ ಬೇರೆ. ಇಟಲಿಯ ಸೊಸೆಯೋ ಈ ನೆಲದ ಮಗಳೋ ಎಂಬುದೇ ಅಲ್ಲಿ ದೊಡ್ಡ ಪ್ರಶ್ನೆಯಾಗಿತ್ತು. ಬಳ್ಳಾರಿ ಸೊಸೆಯನ್ನೇ ಗೆಲ್ಲಿಸಿತು.

ಇದು ನಮ್ಮ ದೇಶದ ಕಾಯಿಲೆ ಮಾತ್ರವೂ ಅಲ್ಲ. ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮ ತಾನು ಆ ದೇಶದಲ್ಲೇ ಹುಟ್ಟಿದವನೆಂದು ತೋರಿಸಲು 2011ರ ಏಪ್ರಿಲ್‌ನಲ್ಲಿ ಜನನ ಪ್ರಮಾಣಪತ್ರದ ಪೂರ್ತಿ ಪ್ರತಿಯನ್ನು ಜಗತ್ತಿನ ಮುಂದಿಡಬೇಕಾಯಿತು. ಮರುತಿಂಗಳೇ ಆತ ಐರ್ಲೆಂಡಿನ ಮನಿಗಾಲ್ ಎಂಬ ಹಳ್ಳಿಗೆ ಹೋದ. 1850ರಲ್ಲಿ ಅಲ್ಲಿಂದ ವಲಸೆ ಹೋದ ತಾಯಿಯ ಕಡೆಯ ಒಬ್ಬ ಪೂರ್ವಜನ ನೆಪದಲ್ಲಿ ಇಡೀ ಊರೇ ಆತನನ್ನು ಮನೆಮಗನೆಂದು ಬರಮಾಡಿಕೊಂಡಿತು.

ಅರಸರು ದ್ವಾರಕೆಯನ್ನು ಹುಡುಕಿಕೊಂಡು ಹೋದ ಹಾಗೆ, ಮತದಾನದ ಕಾಲದ ನಾಯಕರು ಮಣ್ಣನ್ನು ಹುಡುಕಿಕೊಂಡು ಬರುತ್ತಾರೆ. ಇದಕ್ಕೂ ನಮ್ಮಲ್ಲಿ ಹಳೆಯ ಮಾದರಿ ಇದೆ. ಕೆಳದಿಯ ಅರಸರು ತಮ್ಮ ಮೂಲಪುರುಷರಾದ ಚೌಡಪ್ಪ, ಭದ್ರಪ್ಪರನ್ನು ಉಳುವ ಗೌಡರ ಮಕ್ಕಳೆಂದೇ ನೆನಪಿಟ್ಟುಕೊಂಡರು. ಹುತ್ತಕ್ಕೆ ಹಾಲು ಕರೆದ ಹಸು, ಸಿಕ್ಕಿದ ನಿಧಿ, ಎಲ್ಲವೂ ಹೊಲಗದ್ದೆಯ ಕಥೆಯೇ. ನೆರೆಯ ಹಾಸನ ಜಿಲ್ಲೆಯ ಹರದನಹಳ್ಳಿಯ ರೈತ ದೊಡ್ಡೇಗೌಡರ ಮಗ ಎಚ್.ಡಿ. ದೇವೇಗೌಡರು 1996ರ ಜೂನ್ 1ರಂದು ಪ್ರಧಾನಿಯಾದಾಗ ಮಣ್ಣಿನ ಮಗ ಎಂಬ ಬಿರುದು ದೇಶದುದ್ದಕ್ಕೂ ಕೇಳಿಸಿತು. ಆ ಮೂಲ ನಿಜವಾದದ್ದು, ಆ ಹೆಮ್ಮೆ ನಮ್ಮೆಲ್ಲರದ್ದೂ ಆಗಿತ್ತು. ಆದರೆ ರೈತನ ಮಗ ಎಂಬ ಮಾತು ಒಂದೆರಡು ತಲೆಮಾರಿನಲ್ಲಿ ಪ್ರಧಾನಿಯ ಮಗ, ಪ್ರಧಾನಿಯ ಮೊಮ್ಮಗ ಎಂದಾಯಿತು. ಮಗ ಎರಡು ಸಲ ಮುಖ್ಯಮಂತ್ರಿಯಾದರು, ಈಗ ಕೇಂದ್ರ ಸಚಿವರು. ಕಾಂಗ್ರೆಸ್ ಅಧ್ಯಕ್ಷ ಮಲ್ಲಿಕಾರ್ಜುನ ಖರ್ಗೆಯವರದ್ದು ಬೀದರ್ ಜಿಲ್ಲೆಯ ವರವಟ್ಟಿ. ರಜಾಕಾರರ ಹಾವಳಿಯಲ್ಲಿ ಮನೆಗೆ ಬೆಂಕಿ ಬಿದ್ದು ತಾಯಿಯನ್ನು ಕಳೆದುಕೊಂಡ ದಲಿತ ಹುಡುಗ ಅಲ್ಲಿಯವರೆಗೆ ಏರಿದರು. ಅವರ ಮಗನೂ ಈಗ ರಾಜ್ಯದಲ್ಲಿ ಮಂತ್ರಿ. ಮೂಲ ಎಷ್ಟೇ ಬೇರೆಬೇರೆ ಇರಲಿ, ಎರಡನೆಯ ತಲೆಮಾರಿಗೆ ದಾರಿ ಒಂದೇ ಆಗುತ್ತದೆ.

ನಮ್ಮ ಕಡೆ ಹೆಸರಿನ ಮುಂದಿನ ಇನಿಷಿಯಲ್ಲಿನಲ್ಲೇ ವಂಶ ಮಡಚಿಟ್ಟಿರುತ್ತದೆ. ಡಿ.ಬಿ. ಚಂದ್ರೇಗೌಡರ ಡಿ ಎಂದರೆ ಮೂಡಿಗೆರೆ ತಾಲೂಕಿನ ದಾರದಹಳ್ಳಿ. ಎಚ್.ಡಿ. ದೇವೇಗೌಡರ ಎಚ್ ಎಂದರೆ ಹರದನಹಳ್ಳಿ, ಡಿ ಎಂದರೆ ದೊಡ್ಡೇಗೌಡ. ಎಸ್.ಎಂ. ಕೃಷ್ಣ ಅವರ ಎಸ್ ಸೋಮನಹಳ್ಳಿ, ಎಂ ಮಲ್ಲಯ್ಯ. ಮೊದಲು ನೆಲ, ಆಮೇಲೆ ತಂದೆ, ಕೊನೆಗೆ ಮನುಷ್ಯ. ಈ ಕ್ರಮ ಸುಮ್ಮನೆ ಬಂದದ್ದಲ್ಲ. ವಂಶದಿಂದ ಇಳಿದು ಬರುವುದು ನೆಲ ಎಂಬ ತಿಳಿವು ಅದರಲ್ಲಿದೆ.

ನನ್ನ ಮನಸ್ಸಿನಲ್ಲಿರುವ ಮುಖ್ಯ ಮಾತು ಇದೇ. ನಾಯಕರ ರಕ್ತದ ಬಗ್ಗೆ ಇಷ್ಟೊಂದು ಮಾತಾಡುವ ನಾವು, ತಲೆಮಾರಿನಿಂದ ತಲೆಮಾರಿಗೆ ನಿಜವಾಗಿ ಕೈಬದಲಾಗುವುದರ ಬಗ್ಗೆ ಬಹಳ ಕಡಿಮೆ ಮಾತಾಡುತ್ತೇವೆ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಕರ್ನಾಟಕದ ಗದ್ದೆಬಯಲುಗಳಲ್ಲಿ ಉಳುವವನನ್ನು ಒಡೆಯನನ್ನಾಗಿ ಮಾಡಿತು. ಅದರ ಹಿಂದಿದ್ದವರು ಮೈಸೂರು ಅರಮನೆಯ ಬಂಧುವರ್ಗದಲ್ಲಿ ಹುಟ್ಟಿದ ದೇವರಾಜ ಅರಸು. ಮೂಲ ಮನುಷ್ಯನನ್ನು ಕಟ್ಟಿಹಾಕುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಡ. ಆದರೆ ಅದೇ ಕಾಯಿದೆಯ 104ನೆಯ ಕಲಮು ಕಾಫಿ, ಏಲಕ್ಕಿ, ಮೆಣಸು, ರಬ್ಬರು, ಟೀ ತೋಟಗಳನ್ನು ಭೂ ಹಿಡುವಳಿಯ ಮಿತಿಯಿಂದ ಹೊರಗಿಟ್ಟಿತು. ಗದ್ದೆಯ ಸೀಮೆಯಲ್ಲಿ ದೊಡ್ಡಮನೆಗಳು ಸಣ್ಣವಾದವು, ನಮ್ಮ ಬೆಟ್ಟದಲ್ಲಿ ತೋಟವೂ ಮನೆತನವೂ ಒಟ್ಟಿಗೇ ಉಳಿದವು. ಚುನಾವಣೆಗೆ ನಿಲ್ಲಲು ಬೇಕಾದ ಹಣ, ಓದು, ಬೆಂಗಳೂರಿನ ಪರಿಚಯ, ಸಂಬಂಧ ಬೆಳೆಸುವ ದಾರಿಗಳು ಆ ಮನೆಗಳಲ್ಲೇ ಉಳಿದವು. ಜಿಲ್ಲೆಯ ಕಾಫಿ ಬೆಳೆಗಾರ ಕುಟುಂಬದ ವಿ.ಜಿ. ಸಿದ್ಧಾರ್ಥ ಅವರು ಮುಂದೆ ವಿದೇಶಾಂಗ ಸಚಿವರಾದ ಎಸ್.ಎಂ. ಕೃಷ್ಣ ಅವರ ಅಳಿಯ ಎಂಬುದನ್ನು ನಮ್ಮಲ್ಲಿ ಎಲ್ಲರೂ ಸಹಜವಾಗಿಯೇ ಕಂಡರು. ಮನೆಗೆ ಮನೆ ಸಮ.

ಅದರ ಮಗ್ಗುಲಲ್ಲೇ ಇನ್ನೊಂದು ಕಥೆಯೂ ಇದೆ. ಮೂಡಿಗೆರೆ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ತೋಟಗಳ ಸೀಮೆಯ ಶಾಸಕರು ತೋಟದ ಮನೆಗಳಿಂದ ಬರುವ ಹಾಗಿಲ್ಲ. ಅಲ್ಲಿಂದ ಗೆದ್ದು ಮಂತ್ರಿಯಾದ ಮೋಟಮ್ಮನವರು ತಮ್ಮ ಆತ್ಮಕಥೆಗೆ 'ಬಿದಿರು ನೀನ್ಯಾರಿಗಲ್ಲದವಳು' ಎಂದು ಹೆಸರಿಟ್ಟರು. 2023ರಲ್ಲಿ ಅವರ ಮಗಳು ನಯನಾ ಮೋಟಮ್ಮ ಅದೇ ಕ್ಷೇತ್ರದಿಂದ ಗೆದ್ದರು, ತಾಯಿಯ ಹೆಸರನ್ನೇ ಹೆಸರಿನ ಜೊತೆ ಇಟ್ಟುಕೊಂಡು. ವಂಶಾಡಳಿತ ಎಂದು ಇದನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರಿದ್ದಾರೆ. ನನಗೆ ಹಾಗೆ ತೂಗಲು ಮನಸ್ಸು ಬರುವುದಿಲ್ಲ. ನೂರಾರು ಎಕರೆ ಇಳಿದು ಬಂದ ಮನೆಗೂ, ಮೊದಲ ಬಾರಿಗೆ ಒಂದು ಹೆಸರು ಇಳಿದು ಬಂದ ಮನೆಗೂ ಅಂತರವಿದೆ. ಮೂರನೆಯ ತಲೆಮಾರಿಗೂ ಅದೇ ನಡೆದರೆ ಆಗ ನಾನೂ ಪ್ರಶ್ನೆ ಕೇಳುತ್ತೇನೆ.

ಅಂಗಳದಲ್ಲಿ ಮೆಣಸು ಹರಡುತ್ತಿದ್ದ ಆ ಹೆಂಗಸು ಯಾರ ಪೈಕಿ? ನಮ್ಮ ಮನೆಯಲ್ಲಿ ಯಾರೂ ಕೇಳಿದ್ದು ನೆನಪಿಲ್ಲ. ಘಟ್ಟದ ಕೆಳಗಿನವರು ಎಂದಷ್ಟೇ ಗೊತ್ತು. ಮೇಸ್ತ್ರಿಯೊಬ್ಬ ಮುಂಗಡ ಕೊಟ್ಟು ಅವಳ ಅಪ್ಪನನ್ನೋ ಅಜ್ಜನನ್ನೋ ಕರೆತಂದಿರಬೇಕು. ತಮಿಳುನಾಡಿನಿಂದ ಬಂದವರು, ತುಳುನಾಡಿನಿಂದ ಬಂದವರು, ಈಗ ಅಸ್ಸಾಮಿನಿಂದ ಬರುತ್ತಿರುವವರು, ಲೈನ್ ಮನೆಗಳ ಸಾಲಿಗೆ ವಂಶಾವಳಿ ಇಲ್ಲ. ಹೊರರಾಜ್ಯದಿಂದ ಬಂದ ಪರಿಶಿಷ್ಟ ಜಾತಿಯ ಕುಟುಂಬದ ಹುಡುಗ ಇಲ್ಲಿಯೇ ಹುಟ್ಟಿ ಬೆಳೆದು ಜಾತಿ ಪ್ರಮಾಣಪತ್ರಕ್ಕೆ ಹೋದರೆ, 1950ರಲ್ಲಿ ರಾಷ್ಟ್ರಪತಿಗಳ ಆದೇಶ ಹೊರಟಾಗ ನಿನ್ನ ಹಿರಿಯರು ಎಲ್ಲಿದ್ದರು ಎಂಬ ಪ್ರಶ್ನೆ ಎದುರಾಗುತ್ತದೆ.

ಈಚೆಗೆ ತಾಲೂಕಾದ ಕಳಸದ ಸುತ್ತ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ, ಇದು ಇನ್ನೂ ಕಠಿಣ. ಅರಣ್ಯ ಹಕ್ಕು ಕಾಯಿದೆಯ ಪ್ರಕಾರ ಪರಿಶಿಷ್ಟ ಪಂಗಡಕ್ಕೆ ಸೇರದ ಕುಟುಂಬ ತನ್ನ ತುಂಡು ನೆಲಕ್ಕೆ ಹಕ್ಕು ಕೇಳಬೇಕಾದರೆ, 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಆ ಕಾಡಿನಲ್ಲಿ ಬಾಳಿದ್ದನ್ನು ರುಜುಪಡಿಸಬೇಕು. ಹಳೆಯ ಬಾವಿ, ಸ್ಮಶಾನ, ದೈವದ ಕಲ್ಲು, ಊರ ಹಿರಿಯರ ಹೇಳಿಕೆ, ವಂಶಾವಳಿ, ಇವೆಲ್ಲ ಸಾಕ್ಷಿಗೆ ನಡೆಯುತ್ತವೆ ಎಂದು ನಿಯಮದಲ್ಲಿದೆ. ಅಜ್ಜ ಯಾರು ಎಂಬ ಪ್ರಶ್ನೆ ನಾಯಕನಿಗಾದರೆ ಚುನಾವಣೆಯ ಭಾಷಣ, ಇವರಿಗೆ ಒಲೆ ಹೂಡಿದ ಜಾಗ ಉಳಿಯುತ್ತದೋ ಇಲ್ಲವೋ ಎಂಬ ಪ್ರಶ್ನೆ.

ಎರಡು ಮಳೆಗಾಲದ ಹಿಂದೆ ಒಂದು ನಾಡಕಚೇರಿಯ ಜಗಲಿಯಲ್ಲಿ ಕಾಯುತ್ತಿದ್ದಾಗ ಪಕ್ಕದಲ್ಲಿ ಎಪ್ಪತ್ತು ದಾಟಿದ ಒಬ್ಬರು ಕೂತಿದ್ದರು. ಮಡಿಲಲ್ಲಿ ಗೊಬ್ಬರದ ಚೀಲ ಕತ್ತರಿಸಿ ಹೊಲಿದ ಕೈಚೀಲ. ಅದರೊಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾಗದಗಳು: ಹಳೆಯ ಕಂದಾಯ ರಸೀತಿ, ಅರಣ್ಯ ಇಲಾಖೆ ಯಾವಾಗಲೋ ಹಾಕಿದ ಮೊಕದ್ದಮೆಯ ಪ್ರತಿ, ಇಬ್ಬನಿ ಹೀರಿ ಅಂಟಿಕೊಂಡ ರೇಷನ್ ಕಾರ್ಡು. ವಂಶಾವಳಿ ಮಾಡಿಸಲು ಬಂದಿದ್ದರು. ಗ್ರಾಮ ಲೆಕ್ಕಿಗರು ಮಹಜರು ಮಾಡಿ ಬರೆದುಕೊಡುವ ಆ ಕಾಗದಕ್ಕೂ ಅರಸರ ಶಾಸನದಲ್ಲಿರುವುದಕ್ಕೂ ಒಂದೇ ಹೆಸರು. ತಂದೆಯ ಹೆಸರು ಬರೆಸಿದ್ದರು, ಅಜ್ಜನದೂ ಬರೆಸಿದ್ದರು. ಮುತ್ತಜ್ಜನ ಹೆಸರು ನೆನಪಾಗುತ್ತಿಲ್ಲ ಎಂದರು. "ಎಲ್ರೂ ದೊಡ್ಡಯ್ಯ ಅಂತಲೇ ಕರೀತಿದ್ರು. ಅವ್ರು ನೆಟ್ಟ ಹಲಸಿನ ಮರ ಇದೆ, ಈ ವರ್ಷಾನೂ ಕಾಯಿ ಬಿಟ್ಟಿದೆ. ಮರದ ಫೋಟೋ ತಂದ್ರೆ ನಡೀತದಾ?" ಎಂದು ನನ್ನನ್ನೇ ಕೇಳಿದರು. ಅಷ್ಟರಲ್ಲಿ ಒಳಗಿನಿಂದ ಟೋಕನ್ ನಂಬರು ಕೂಗಿದರು, ಅವರು ಕೈಚೀಲ ಎತ್ತಿಕೊಂಡು ಎದ್ದರು.